ಹೆಸರು ಯಾರ ಹೆಸರಲ್ಲಿದೆ?

ಮಂಗಳೂರಿನ ಬಿಜೈಯಲ್ಲಿ ಕೇಟರಿಂಗ್ ನಡೆಸುವ ನಮ್ಮ ಭಾವನ ವೆಬ್‌ಸೈಟು ಜೂನ್ ಆರಂಭದಲ್ಲೇ ಮಾಯವಾಗಿತ್ತು. ಮಳೆಗಾಲ, ಮೇಲಿಂದ ತುಳುವರ ಆಟಿ ತಿಂಗಳು. ಮದುವೆ ಆರ್ಡರಿಲ್ಲದ ದಿನಗಳಲ್ಲಿ ಅದನ್ನು ತೆರೆದು ನೋಡುವವರು ಯಾರು? ಸೋಣ ತಿಂಗಳು ಮುಗಿಯುತ್ತಾ ಬಂದಾಗ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಸೈಟಲ್ಲಿ ಎಂತದೋ ಜೂಜಿನ ಜಾಹೀರಾತು ಬರ್ತದಲ್ಲ ಮಾರಾಯ್ರೆ" ಎಂದರು.

ಸೈಟು ಮಾಡಿಕೊಟ್ಟ ಹುಡುಗ ಕೆಟ್ಟವನೇನಲ್ಲ. "ಎಲ್ಲ ನಾನೇ ನೋಡ್ಕೊಳ್ತೇನೆ ಸರ್" ಎಂದಿದ್ದ, ಮೂರು ವರ್ಷ ನೋಡಿಕೊಂಡೂ ಇದ್ದ. ಆಮೇಲೆ ದುಬೈಯಲ್ಲಿ ಕೆಲಸ ಸಿಕ್ಕಿತು, ನಂಬರು ಬದಲಾಯಿತು. ಡೊಮೈನ್ ಇದ್ದದ್ದು ಅವನ ಇಮೇಲಿನಲ್ಲಿ. ನವೀಕರಿಸಿ ಎಂಬ ಸೂಚನೆಗಳೆಲ್ಲ ಅವನು ತೆರೆಯದ ಇನ್‌ಬಾಕ್ಸಿಗೆ ಹೋಗಿ ಬಿದ್ದವು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಅದು ಅಂದೇ ಕೈತಪ್ಪುವುದಿಲ್ಲ. ನೋಂದಣಿ ಕಂಪನಿಗಳು ಸಾಮಾನ್ಯವಾಗಿ ಕೆಲವು ವಾರ ಕಾಯುತ್ತವೆ. ಅದು ದಾಟಿದರೆ ಹೆಚ್ಚು ದಂಡ ತೆತ್ತು ಬಿಡಿಸಿಕೊಳ್ಳಲು ಇನ್ನೂ 30 ದಿನ ಸಿಗುತ್ತದೆ. ನಂತರ ಅದು ಯಾರು ಬೇಕಾದರೂ ಕೊಳ್ಳಬಹುದಾದ ಸರಕು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಬಾಬತ್ತು ಇದು.

ಡಿಸೈನರ್ ಸಿಕ್ಕಿದ ಕೂಡಲೇ ನಾವು ಕೇಳುವುದು ಬಣ್ಣ, ಫೋಟೊ, ರೇಟು. ಮೊದಲು ಕೇಳಬೇಕಾದದ್ದು ಡೊಮೈನ್ ಯಾರ ಹೆಸರಲ್ಲಿ ಎಂದು. ಡೊಮೈನೂ ಹೋಸ್ಟಿಂಗೂ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರು, ನಿಮ್ಮ ದುಡ್ಡಿನಲ್ಲಿರಲಿ. ಕೆಲಸಕ್ಕೆ ಬೇಕಾದಷ್ಟು ಪ್ರವೇಶವನ್ನು ಅವರಿಗೆ ಕೊಡಿ. ಅಂಗಡಿಗೆ ಪೈಂಟ್ ಹೊಡೆಯಲು ಬಂದವರ ಹೆಸರಿಗೆ ಯಾರಾದರೂ ಕಟ್ಟಡದ ಕಾಗದ ಮಾಡಿಸುತ್ತಾರೆಯೇ?

ಇನ್ನೊಂದು ವಿಷಯ ಹಲವು ವ್ಯಾಪಾರಿಗಳಿಗೆ ಗೊತ್ತೇ ಇಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ವಿನ್ಯಾಸ ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಮಾಲೀಕನದು. ಫ್ರೀಲಾನ್ಸರ್ ನೌಕರನಲ್ಲ, ಅವನು ಬರೆದ ಕೋಡ್ ಮೊದಲಿಗೆ ಅವನದೇ. ಅದನ್ನು ನಿಮಗೆ ವರ್ಗಾಯಿಸಲು ಅವನ ಸಹಿ ಇರುವ ಬರಹ ಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷಕ್ಕೆ ಎಂದೇ ಎಣಿಸುತ್ತದೆ. ವಾಟ್ಸ್ಆ್ಯಪಿನ ಹೆಬ್ಬೆರಳಿನ ಗುರುತನ್ನು ನೆಚ್ಚಿಕೊಂಡು ಕೂರಬೇಡಿ. ಒಂದು ಹಾಳೆ ಸಾಕು: ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಮುಗಿದ ಮೇಲೆ ಎಷ್ಟು ತಿಂಗಳು ನಿಗಾ. ಹಣ ಕಂತಿನಲ್ಲಿ ಕೊಡಿ, ಆದರೆ ಕೊಡಿ. "ಇನ್ನೊಂದು ಸಣ್ಣ ಚೇಂಜ್" ಎನ್ನುತ್ತಾ ಕೊನೆಯ ಕಂತನ್ನು ಎಳೆದಾಡಿಸುವ ಗಿರಾಕಿಗಳು ನಮ್ಮೂರಿನಲ್ಲಿ ಕಡಿಮೆಯೇನಿಲ್ಲ.

ಹಳೆಯ ಕೆಲಸ ತೋರಿಸು ಎಂದಾಗ ಡಿಸೈನರ್‌ನ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿಮ್ಮ ಫೋನಿನಲ್ಲಿ ತೆರೆಯಿರಿ. ಆಮೇಲೆ ಆ ಸೈಟಿನ ಮಾಲೀಕರಿಗೂ ಒಂದು ಫೋನ್ ಮಾಡಿ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಈ ಊರಿನಿಂದಲೇ. ಹೀಗಿದ್ದೂ ಇಲ್ಲಿನ ಎಷ್ಟೋ ಸೈಟುಗಳಲ್ಲಿ ಕನ್ನಡ ಇದ್ದರೂ ಅದು ಚಿತ್ರವಾಗಿರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿ ಫೋಟೊ ಮಾಡಿ ಅಂಟಿಸಿದ್ದು. ಹಾಗಾದಾಗ 'ನೀರ್‌ದೋಸೆ' ಎಂದು ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಗುವುದು ಕಷ್ಟ. ಯೂನಿಕೋಡಿನಲ್ಲೇ ಬೇಕು ಎಂದು ಆ ಹಾಳೆಯಲ್ಲಿ ಬರೆಸಿಬಿಡಿ.

ಭಾವ ಈಗ ಡಾಟ್ ಇನ್‌ನಲ್ಲಿ ಹೊಸ ಹೆಸರು ತೆಗೆದುಕೊಂಡಿದ್ದಾರೆ, ತಮ್ಮದೇ ಇಮೇಲಿನಲ್ಲಿ. ಉಳಿದಿರುವ ಐನೂರು ವಿಸಿಟಿಂಗ್ ಕಾರ್ಡುಗಳ ಮೇಲೆ ಹಳೆಯ ವಿಳಾಸವನ್ನು ಪೆನ್ನಿನಲ್ಲಿ ಹೊಡೆದುಹಾಕಿ ಕೊಡುತ್ತಿದ್ದಾರೆ.