ಕೀಮೋ ಔಷಧಿ ರಕ್ತನಾಳದ ಹೊರಗೆ ಸೋರಿದರೆ

ಮನೆಯಂಗಳದಲ್ಲಿ, ಬೇಲಿಯ ಪಕ್ಕದಲ್ಲಿ ಅಷ್ಟಾಗಿ ನೀರಿಲ್ಲದೆಯೂ ಅರಳುವ ಕಾಶಿ ಕಣಗಿಲೆಯನ್ನು ನಾವೆಲ್ಲರೂ ನೋಡಿದ್ದೇವೆ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟೀನ್ ಔಷಧಿ ಸಿಗುವುದು ಈ ಗಿಡದಿಂದಲೇ. ಜೀವಕೋಶ ಒಡೆದು ಎರಡಾಗುವಾಗ ಬೇಕಾದ ಸ್ಪಿಂಡಲ್ ಎಳೆಗಳು ಆಗದಂತೆ ಅದು ತಡೆಯುತ್ತದೆ. ಹಾಗಾಗಿ ಕ್ಯಾನ್ಸರ್ ಕೋಶಗಳು ಬೆಳೆಯಲಾರದೆ ಸಾಯುತ್ತವೆ.

ರಕ್ತದಲ್ಲಿ ಹರಿದರೆ ಜೀವ ಉಳಿಸುವ ಇದೇ ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸವನ್ನು ಹಾಳುಮಾಡುತ್ತದೆ. ಇದಕ್ಕೆ ಎಕ್ಸ್‌ಟ್ರಾವಸೇಶನ್ ಎಂದು ಹೆಸರು. ಡಾಕ್ಸೋರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಿ ಇನ್ನೂ ಅಪಾಯಕಾರಿ. ಅದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಸತ್ತ ಕೋಶದಿಂದ ಬಿಡುಗಡೆಯಾಗಿ ಪಕ್ಕದ ಕೋಶವನ್ನು ಸೇರುತ್ತದೆ. ಆದ್ದರಿಂದ ಗಾಯ ವಾರಗಟ್ಟಲೆ ಆಳವಾಗುತ್ತಾ ಹೋಗಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ, ಚರ್ಮದ ಕಸಿ ಬೇಕಾಗುತ್ತದೆ.

ಮಕ್ಕಳಿಗೆ ಈ ಅಪಾಯ ಹೆಚ್ಚು. ಅವರ ರಕ್ತನಾಳಗಳು ಸಣ್ಣವು, ಕೈ ಅಲ್ಲಾಡಿಸಿದರೆ ಸೂಜಿ ಜಾರುತ್ತದೆ, ಹಸುಗೂಸಿಗೆ ನೋವು ಹೇಳಲು ಬಾರದು. ಇದಕ್ಕಾಗಿಯೇ ಅನೇಕ ಮಕ್ಕಳಿಗೆ ದೊಡ್ಡ ರಕ್ತನಾಳಕ್ಕೆ ಪಿಕ್ ಲೈನ್ ಅಥವಾ ಕೀಮೋ ಪೋರ್ಟ್ ಹಾಕುತ್ತಾರೆ.

ಔಷಧಿ ಹೋಗುವಾಗ ಉರಿ, ಊತ, ಕೆಂಪು ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಬೇಕು. ಅವರು ಡ್ರಿಪ್ ನಿಲ್ಲಿಸುತ್ತಾರೆ. ಆದರೆ ಸೂಜಿಯನ್ನು ನಾವು ಕೀಳಬಾರದು; ಸೋರಿದ ಔಷಧಿಯನ್ನು ಅದರ ಮೂಲಕವೇ ಸಿರಿಂಜಿನಿಂದ ಹಿಂದಕ್ಕೆ ಎಳೆಯಲು ನೋಡುತ್ತಾರೆ. ಜಾಗವನ್ನು ಉಜ್ಜಬಾರದು. ಡಾಕ್ಸೋರುಬಿಸಿನ್ ಸೋರಿದರೆ ತಣ್ಣನೆಯ ಶಾಖ, ವಿನ್‌ಕ್ರಿಸ್ಟೀನ್ ಸೋರಿದರೆ ಬೆಚ್ಚನೆಯ ಶಾಖ ಕೊಡುತ್ತಾರೆ. ಅದಲುಬದಲಾದರೆ ಹಾನಿ ಹೆಚ್ಚುತ್ತದೆ. ಹಾಗಾಗಿ ಯಾವ ಔಷಧಿ ಎಂದು ತಿಳಿಯದೆ ಮನೆಯಲ್ಲಿ ಐಸ್ ಇಡುವುದು, ಅರಿಶಿನ ಹಚ್ಚುವುದು ಬೇಡ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕುಟುಂಬಗಳು ಕ್ಯಾನ್ಸರ್ ಚಿಕಿತ್ಸೆಗೆ ಹೋಗುವುದು ಹೆಚ್ಚಾಗಿ ಬೆಂಗಳೂರಿಗೆ. 1973ರಲ್ಲಿ ಆರಂಭವಾದ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನ ಕಿದ್ವಾಯಿ ಆಸ್ಪತ್ರೆ ಅಲ್ಲಿದೆ. ಚಿಕಿತ್ಸೆ ಮುಗಿಸಿ ಸಂಜೆಯ ಬಸ್ಸಿನಲ್ಲಿ ಊರಿಗೆ ಬರುವಾಗಲೋ, ಎರಡು ದಿನ ಕಳೆದ ಮೇಲೋ ಕೈ ಊದಿಕೊಳ್ಳಬಹುದು. ಮುಂದಿನ ತಾರೀಖಿನವರೆಗೆ ಕಾಯಬೇಡಿ. ಚೀಟಿಯಲ್ಲಿರುವ ಔಷಧಿಯ ಹೆಸರು ಓದಿ, ಆಸ್ಪತ್ರೆಗೆ ಫೋನ್ ಮಾಡಿ.

ಎಷ್ಟೋ ಮನೆಗಳಲ್ಲಿ ಆ ಚೀಟಿ ಓದಬಲ್ಲವರು ಕಾಲೇಜಿಗೆ ಹೋಗುವ ನಾವೇ. ತಮ್ಮನೋ ತಂಗಿಯೋ "ಕೈ ಉರೀತೈತೆ" ಎಂದರೆ ಹಟ ಎಂದು ಸುಮ್ಮನಾಗಬಾರದು. ಆ ಮಾತೇ ಮೊದಲ ಎಚ್ಚರಿಕೆ.