ಪೊಟ್ಟಣವೂ ಬೇಯುತ್ತದೆ

ಮಾಟುಂಗಾದಿಂದ ಒಬ್ಬರು ಪತ್ರ ಬರೆದಿದ್ದಾರೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಪಾರದರ್ಶಕ ಪೊಟ್ಟಣದ ಪಲಾವ್ ತಂದಿಟ್ಟಿದ್ದರಂತೆ. ತಾರೀಖು ಮುಗಿದಿರಲಿಲ್ಲ, ಪೊಟ್ಟಣ ಉಬ್ಬಿರಲೂ ಇಲ್ಲ. ಒಡೆದರೆ ಕಮಟು ವಾಸನೆ! "ಸರಿಯಾಗಿ ಬೇಯಿಸಿರಲಿಲ್ಲವೇ?" ಎಂಬುದು ಅವರ ಪ್ರಶ್ನೆ.

ಪೊಟ್ಟಣ ನೋಡದೆ ತೀರ್ಪು ಕೊಡಲಾರೆ. ಆದರೆ ಕಮಟು ಸಾಮಾನ್ಯವಾಗಿ ಬೇಯದ ಅಡುಗೆಯ ವಾಸನೆಯಲ್ಲ. ಎಣ್ಣೆ, ತುಪ್ಪಕ್ಕೆ ಆಮ್ಲಜನಕ ತಗುಲಿದ ವಾಸನೆ. ಅದು ಒಳಗೆ ಬಂದದ್ದು ಹೇಗೆ?

ಇಂಥ ಊಟವನ್ನು ಪೊಟ್ಟಣಕ್ಕೆ ತುಂಬಿ, ಬಾಯಿ ಮುಚ್ಚಿದ ಮೇಲೆ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಹೆಚ್ಚುಕಡಿಮೆ ನಮ್ಮ ಕುಕ್ಕರ್ ಸೀಟಿ ಹೊಡೆಯುವಾಗಿನ ಶಾಖ. ಬರಿಯ ಕುದಿತಕ್ಕೆ ಸಾಯದ ಬೊಟುಲಿನಮ್ ಬೀಜಕಣಗಳು ಇದಕ್ಕೆ ಸಾಯುತ್ತವೆ. ಇದಕ್ಕೆ ರಿಟಾರ್ಟ್ ವಿಧಾನ ಎಂದು ಹೆಸರು. ನಮ್ಮ ದೇಶದಲ್ಲಿ ಇದನ್ನು ಸೈನಿಕರ ಊಟಕ್ಕಾಗಿ ಬೆಳೆಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ.

ಬೆಳ್ಳಿಬಣ್ಣದ ಪೊಟ್ಟಣದಲ್ಲಿ ಅಲ್ಯೂಮಿನಿಯಂ ಹಾಳೆಯಿದೆ. ಶಾಖಕ್ಕೆ ಅದು ಜಗ್ಗುವುದಿಲ್ಲ. ಆದರೆ ಅದನ್ನು ಮೈಕ್ರೋವೇವ್‌ಗೆ ಇಡುವಂತಿಲ್ಲ. ಹಾಗಾಗಿ ಹಲವು ಪಾರದರ್ಶಕ ಪೊಟ್ಟಣಗಳಲ್ಲಿ ಅದರ ಬದಲು ಎಥಿಲೀನ್ ವಿನೈಲ್ ಆಲ್ಕೋಹಾಲ್ ಎಂಬ ಪ್ಲಾಸ್ಟಿಕ್ಕಿನ ತೆಳುಪದರ ಇರುತ್ತದೆ. ಒಣಗಿದ್ದಾಗ ಇದು ಆಮ್ಲಜನಕವನ್ನು ಬಲು ಚೆನ್ನಾಗಿ ತಡೆಯುತ್ತದೆ. ತೇವ ತಗುಲಿತೋ, ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟ ಚಕ್ಕುಲಿಯ ಗತಿ. ಒಂದಕ್ಕೊಂದು ಬಿಗಿಯಾಗಿ ಹೆಣೆದ ಅಣುಸರಪಳಿಗಳ ನಡುವೆ ನೀರು ಸೇರಿ ಹಿಡಿತ ಸಡಿಲಿಸುತ್ತದೆ, ಆಮ್ಲಜನಕಕ್ಕೆ ದಾರಿಯಾಗುತ್ತದೆ.

ಅದಕ್ಕೆಂದೇ ಈ ಪದರದ ಎರಡೂ ಬದಿಗೆ ನೀರು ಬಿಡದ ಪಾಲಿಪ್ರೊಪಿಲೀನ್ ಹೊದಿಸುವುದುಂಟು. ತಮಾಷೆಯೆಂದರೆ ನೀರು ಬಿಡುವುದಿಲ್ಲ ಎಂಬ ಮಾತು ಕೋಣೆಯ ತಾಪಕ್ಕೆ ಮಾತ್ರ. 121 ಡಿಗ್ರಿಯಲ್ಲಿ ಅದರ ಮೂಲಕ ಹಬೆ ಧಾರಾಳವಾಗಿ ನುಗ್ಗುತ್ತದೆ. ಪೊಟ್ಟಣ ತಣ್ಣಗಾದಾಗ ಪಾಲಿಪ್ರೊಪಿಲೀನ್ ಮತ್ತೆ ಬಿಗಿ. ಒಳಗೆ ಸಿಕ್ಕಿಕೊಂಡ ನೀರು ಹೊರಬರಲು ದಿನಗಳಲ್ಲ, ವಾರಗಳೇ ಬೇಕಾಗಬಹುದು. ಅಷ್ಟು ಕಾಲ ಕಾವಲು ಸಡಿಲ. ಕೆಲವೊಮ್ಮೆ ಮೊದಲಿನಷ್ಟು ಬಿಗಿ ಮರಳುವುದೇ ಇಲ್ಲ. ಹೊರಗಿನ ಗಾಳಿಯೇ ತೇವವಾಗಿದ್ದರೆ ಒಣಗುವುದು ಇನ್ನೂ ನಿಧಾನ. ಮುಂಬಯಿಯ ಜುಲೈ ತಿಂಗಳನ್ನು ನಾನು ನಿಮಗೆ ವರ್ಣಿಸಬೇಕೆ?

ತಯಾರಕರಿಗೆ ಇದು ಗೊತ್ತಿಲ್ಲದ್ದೇನಲ್ಲ. ಹೊರಗಿನ ಪದರವನ್ನು ತೆಳುವಾಗಿಟ್ಟು ನೀರು ಬೇಗ ಹೊರಹೋಗುವಂತೆ ಮಾಡುವುದುಂಟು. ಕೆಲವರು ಪದರದೊಳಗೆ ಕಬ್ಬಿಣದ ಪುಡಿ ಬೆರೆಸುತ್ತಾರೆ. ತೇವ ತಾಗಿದಾಗ ಅದು ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಹೀರುತ್ತದೆ. ಒಬ್ಬನನ್ನು ಕೆಡಿಸಿದ ನೀರೇ ಇನ್ನೊಬ್ಬನನ್ನು ಕೆಲಸಕ್ಕೆ ಎಬ್ಬಿಸುತ್ತದೆ ನೋಡಿ! ಬಳಸಬೇಕಾದ ದಿನಾಂಕ ಲೆಕ್ಕ ಹಾಕುವಾಗ ಪೊಟ್ಟಣವನ್ನು ಬೇಯಿಸಿದ ಮೇಲೆಯೇ ಪರೀಕ್ಷಿಸಬೇಕು. ಹೊಸ ಹಾಳೆಯ ಅಂಕಿ ನಂಬಿದರೆ ತಾರೀಖು ತಪ್ಪುತ್ತದೆ.

ಮಾಟುಂಗಾದವರೇ, ಪಾರದರ್ಶಕ ಪೊಟ್ಟಣ ತಂದರೆ ಒಲೆಯ ಪಕ್ಕದ ಕಪಾಟಿನಲ್ಲಿಡದೆ ತಂಪಾದ, ಒಣ ಜಾಗದಲ್ಲಿಡಿ, ಬೇಗ ಬಳಸಿ. ಉಬ್ಬಿದ್ದರೆ ಮಾತ್ರ ಕಥೆಯೇ ಬೇರೆ: ರುಚಿ ಕೂಡ ನೋಡದೆ ಎಸೆಯಿರಿ. ಇನ್ನು, ಊರಿನಿಂದ ಬರುವಾಗ ಬೆಳ್ಳಿ ಪೊಟ್ಟಣಗಳನ್ನು ಸೂಟ್‌ಕೇಸಿನಲ್ಲಿ ಮಡಚಿ ತುರುಕಬೇಡಿ. ಶಾಖಕ್ಕೆ ಜಗ್ಗದ ಅಲ್ಯೂಮಿನಿಯಂ ಮಡಿಕೆ ಬಿದ್ದಲ್ಲಿ ಕಣ್ಣಿಗೆ ಕಾಣದ ಸೂಜಿರಂಧ್ರ ಬಿಡುತ್ತದೆ.