ವ್ಯಸನ ತೊರೆಯುವವರ ಆಡುನುಡಿ: ಪಾಲನಾಸೇವೆಗೊಂದು ಪಾಠ

ವ್ಯಸನದಿಂದ ಹೊರಬರಲು ಹೆಣಗುವವರು ತಮ್ಮ ಹೋರಾಟಕ್ಕೆ ತಮ್ಮದೇ ನುಡಿಗಟ್ಟುಗಳನ್ನು ಕಟ್ಟಿಕೊಂಡಿದ್ದಾರೆ. ಅಮೆರಿಕದಲ್ಲಿ ಹುಟ್ಟಿದ ಇಂತಹ ಇಂಗ್ಲಿಷ್ ಆಡುಮಾತುಗಳಲ್ಲಿ ಕೆಲವು ಇಂದು ನಮ್ಮ ನಗರಗಳ ಯುವಜನರ ಬಾಯಲ್ಲೂ ಕೇಳಿಬರುತ್ತವೆ. ಪ್ರತಿಯೊಂದರ ಒಳಗೂ ಬಿಡುಗಡೆ ಎಂದರೇನು ಎಂಬುದರ ಒಂದು ಗ್ರಹಿಕೆ ಅಡಗಿದೆ. ಅದನ್ನರಿಯದ ಯಾಜಕನು ಸದುದ್ದೇಶದಿಂದಲೇ ಹಾನಿ ಮಾಡಬಲ್ಲನು. ಆದ್ದರಿಂದ ನಾಲ್ಕು ಪದಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು 'ಕೋಲ್ಡ್ ಟರ್ಕಿ'. ಔಷಧವಿಲ್ಲದೆ, ಹಂತಹಂತವಾಗಿಯೂ ಅಲ್ಲದೆ, ಒಮ್ಮೆಗೇ ನಿಲ್ಲಿಸಿಬಿಡುವುದು ಎಂದು ಇದರ ಅರ್ಥ. ಅಫೀಮಿನಂತಹ ವಸ್ತುಗಳನ್ನು ಬಿಟ್ಟವರ ಮೈ ತಣ್ಣಗಾಗಿ, ರೋಮ ನಿಮಿರಿ, ಗರಿ ಕಿತ್ತ ಟರ್ಕಿಕೋಳಿಯಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಆದರೆ 1920ರ ದಶಕದ ಆರಂಭದಲ್ಲಿ ವ್ಯಸನಿಗಳ ಕುರಿತು ಬಳಕೆಗೆ ಬರುವ ಮುನ್ನವೇ ಈ ನುಡಿಗೆ 'ಸುತ್ತುಬಳಸಿಲ್ಲದೆ, ನೇರವಾಗಿ' ಎಂಬ ಅರ್ಥವಿತ್ತು. ಮನಸ್ಸು ಮಾಡಿದರೆ ಸಾಕು ಎಂಬ ಸಂಕಲ್ಪಬಲದ ಮೇಲಿನ ನಂಬಿಕೆಯೇ ಇದರ ತಿರುಳು. ನಮ್ಮ ಪ್ರಬೋಧನೆಗಳಿಗೂ ಈ ನಂಬಿಕೆ ಪ್ರಿಯವಾದುದೇ.

ಯಾಜಕತ್ವದ ಆರಂಭದ ವರ್ಷಗಳಲ್ಲಿ ನಾವು ಧ್ಯಾನಕೂಟವೊಂದರ ಕೊನೆಗೆ, ಬಹುಕಾಲದಿಂದ ಕುಡಿಯುತ್ತಿದ್ದ ಒಬ್ಬರ ಕೈಯನ್ನು ಬೈಬಲಿನ ಮೇಲಿರಿಸಿ, ಅಂದಿನಿಂದ ಒಂದು ತೊಟ್ಟೂ ಮುಟ್ಟದಂತೆ ಆಣೆ ಮಾಡಿಸಿದೆವು. ಅವರು ಮಾತು ಉಳಿಸಿಕೊಂಡರು. ಎರಡನೆಯ ರಾತ್ರಿ ಮೈ ನಡುಗಿ, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು, ಬದುಕುಳಿದರು. ದೀರ್ಘಕಾಲ ಅತಿಯಾಗಿ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಇದು ವೈದ್ಯರಿಗೆ ತಿಳಿದ ಸಂಗತಿ, ನಮಗೆ ತಿಳಿದಿರಲಿಲ್ಲ. ವರಪ್ರಸಾದವು ಮಾನವ ಸ್ವಭಾವವನ್ನು ಅಳಿಸದೆ ಪೂರ್ಣಗೊಳಿಸುತ್ತದೆ ಎಂಬ ಸಂತ ಥಾಮಸ್ ಅಕ್ವಿನಾಸರ ತತ್ತ್ವವನ್ನು ಗುರುಮಠದಲ್ಲಿ ಕಲಿತಿದ್ದ ನಾವು, ಆ ದಿನ ದೇಹವನ್ನು ಮರೆತಿದ್ದೆವು.

ಎರಡನೆಯದು 'ಆನ್ ದ ವ್ಯಾಗನ್', ಅಂದರೆ ಬಂಡಿಯೇರಿರುವುದು. ಅಂದಿನ ಅಮೆರಿಕದ ನಗರಗಳಲ್ಲಿ ಧೂಳಡಗಿಸಲು ರಸ್ತೆಗೆ ನೀರು ಚಿಮುಕಿಸುತ್ತಿದ್ದ ಬಂಡಿಯೇ ಇದು. ಮದ್ಯ ಬಿಟ್ಟು ನೀರಿಗೆ ಒಲಿದವನು ಬಂಡಿಯೇರಿದವನು. ಮತ್ತೆ ಕುಡಿದವನು ಬಂಡಿಯಿಂದ ಬಿದ್ದವನು. ಬಿದ್ದವನು ಪುನಃ ಹತ್ತಬಹುದು ಎಂಬುದೇ ಈ ನುಡಿಯಲ್ಲಿರುವ ಕರುಣೆ. ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ ಮದ್ಯವರ್ಜನೆಯ ಪ್ರತಿಜ್ಞೆ ಮಾಡಿದ್ದು ಮೊದಲಿಗೆ ಮೂರು ತಿಂಗಳಿಗಷ್ಟೇ. ಬಳಿಕ ಅದನ್ನು ವಿಸ್ತರಿಸಿ, ಕೊನೆಗೆ ಜೀವನಪರ್ಯಂತದ ವ್ರತವನ್ನಾಗಿಸಿಕೊಂಡರು. 1975ರಲ್ಲಿ ಧರ್ಮಸಭೆ ಅವರನ್ನು 'ಪೂಜ್ಯ'ರೆಂದು ಘೋಷಿಸಿತು. ತಪಸ್ಸುಕಾಲದಲ್ಲಿ ಕುಡಿತ ಬಿಟ್ಟು ಪಾಸ್ಖ ಹಬ್ಬದಂದು ಮತ್ತೆ ಹಿಡಿಯುವವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರನ್ನು ಗೇಲಿ ಮಾಡುವುದಕ್ಕಿಂತ, ಆ 40 ದಿನಗಳನ್ನು ಮುಂದುವರಿಸಲು ಜೊತೆನಿಲ್ಲುವುದು ಲೇಸು.

ಮೂರನೆಯದು 'ಕ್ಲೀನ್'. ಮಾದಕವಸ್ತು ಬಿಟ್ಟವರು ತಮ್ಮನ್ನು ಶುಚಿಯಾದವರೆಂದು ಕರೆದುಕೊಳ್ಳುವಾಗ ಅದರಲ್ಲಿ ಸಂತೋಷವಿದೆ. ಆದರೆ ಮತ್ತೆ ಜಾರಿದ ದಿನ ಅದೇ ಪದ ಅವರನ್ನು ಕೊಳಕರನ್ನಾಗಿಸುತ್ತದೆ. ಈ ನಾಚಿಕೆ ಮಾರಕವೂ ಹೌದು. ಕೆಲಕಾಲ ದೂರವಿದ್ದ ಬಳಿಕ ದೇಹದ ತಾಳಿಕೆ ಕುಗ್ಗಿರುವುದರಿಂದ, ಹೆರಾಯಿನ್‌ನಂತಹ ವಸ್ತುವಿನ ಹಳೆಯ ಪ್ರಮಾಣವೇ ಜೀವ ತೆಗೆಯಬಲ್ಲದು; ನಾಚಿಕೆಯಿಂದ ಅಡಗಿ ಒಂಟಿಯಾಗಿ ಸೇವಿಸಿದವನಿಗೆ ನೆರವಾಗುವವರು ಯಾರೂ ಇರುವುದಿಲ್ಲ. ಮಾರ್ಕನ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿದ್ದು ಅವನು ಶುದ್ಧನಾಗುವ ಮುನ್ನ ಎಂಬುದನ್ನು ಯಾಜಕರು ಮರೆಯಬಾರದು.

ನಾಲ್ಕನೆಯದು 'ಡ್ರೈ ಡ್ರಂಕ್', ಅಂದರೆ ಕುಡಿಯದಿದ್ದರೂ ಕುಡುಕನಾಗಿಯೇ ಉಳಿದವನು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭಗೊಂಡ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲಿ ಈ ಮಾತು ಪರಿಚಿತ. ಬಾಟಲಿ ಹೋಗಿದೆ, ಸಿಟ್ಟು, ಹಗೆ, ಅಹಂಕಾರ ಹಾಗೆಯೇ ಉಳಿದಿವೆ. ಲೂಕನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ, ಗುಡಿಸಿ ಅಣಿಗೊಳಿಸಿದ್ದ ಮನೆಗೆ ದುರಾತ್ಮವು ಇನ್ನೂ ಏಳು ಸಂಗಾತಿಗಳೊಡನೆ ಮರಳಿ ಬರುವ ಸಾಮತಿಯನ್ನು ಇದು ನೆನಪಿಸುತ್ತದೆ. ಆ ಬಳಗದ ಹನ್ನೆರಡು ಹೆಜ್ಜೆಗಳು ತನ್ನ ಅಸಹಾಯಕತೆಯ ಅಂಗೀಕಾರದಿಂದ ಮೊದಲ್ಗೊಂಡು, ಆತ್ಮಶೋಧನೆ, ನೊಂದವರಿಗೆ ಪರಿಹಾರ, ಪ್ರಾರ್ಥನೆ ಇವುಗಳ ಮೂಲಕ ಸಾಗುವುದು ಆ ಮನೆಯನ್ನು ತುಂಬಲೆಂದೇ.

ಕನ್ನಡದಲ್ಲಿ ನಾವು 'ಚಟ ಬಿಡು' ಎನ್ನುತ್ತೇವೆ. 'ಬಿಡುಗಡೆ' ಹುಟ್ಟಿದ್ದೂ ಅದೇ ಧಾತುವಿನಿಂದ. ಮೊದಲನೆಯದು ಮನುಷ್ಯನಿಗೆ ಕೊಡುವ ಆಜ್ಞೆ. ಎರಡನೆಯದು ಅವನು ಪಡೆಯುವ ವರ. ಆಜ್ಞೆಯನ್ನಷ್ಟೇ ನುಡಿದು ವರವನ್ನು ಮರೆತರೆ ನಮ್ಮ ಬೋಧನೆ ಅರ್ಧವಾಗುತ್ತದೆ. ರೂಢಿಯೂ ಮಿತಿಮೀರಿದ ಅಂಟೂ ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲವು ಎಂದು ಕಥೋಲಿಕ ಧರ್ಮೋಪದೇಶವೂ 1735ನೆಯ ಪರಿಚ್ಛೇದದಲ್ಲಿ ಒಪ್ಪಿಕೊಂಡಿದೆ.

ಆದಕಾರಣ, ಬಿಡಬೇಕೆಂದು ಬಂದವರಿಂದ ಆಣೆ ಪಡೆಯುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳೋಣ: ದಿನಕ್ಕೆ ಎಷ್ಟು ಕುಡಿಯುತ್ತೀರಿ? ಹಿಂದೆ ಬಿಟ್ಟಾಗ ನಡುಕವೋ ಫಿಟ್ಸೋ ಬಂದಿತ್ತೇ? ವೈದ್ಯರನ್ನು ಕಂಡಿರಾ? ಮನೆಯಲ್ಲಿ ಜೊತೆಗಿರುವವರು ಯಾರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಬೇರೆಡೆ ಇರುವವರು ಹತ್ತಿರದ ಆಸ್ಪತ್ರೆಯನ್ನು ವಿಚಾರಿಸಬಹುದು. ಅಲ್ಲಿಗೆ ಅವರೊಡನೆ ನಾವೂ ಹೋಗೋಣ. ಪ್ರತಿಜ್ಞೆ ಆ ಮೇಲೆ ಆಗಲಿ.